ಮದುವೆಯೂಟದ ದ್ರಾಕ್ಷಾರಸ

ಕಾಫಿ ತೋಟಗಳ ಕೆಲಸವನ್ನು ನಂಬಿ ದಕ್ಷಿಣ ಕನ್ನಡದಿಂದ ಘಟ್ಟವೇರಿ ಬಂದ ನಮ್ಮ ಹಿರಿಯರು ಜಪಸರದೊಡನೆ ಮದುವೆಯ ಕಟ್ಟಳೆಗಳನ್ನೂ ತಂದರು. ರೋಸು, ಸಾನ್ನಾಂ, ಹಂದಿಮಾಂಸದ ಪದಾರ್ಥ ಕರಾವಳಿಯವು. ವಧೂವರರ ಕ್ಷೇಮ ಹಾರೈಸಿ ದ್ರಾಕ್ಷಾರಸದ ಲೋಟವೆತ್ತುವುದು ಯೂರೋಪಿನವರಿಂದ ಬಂದ ರೂಢಿ. ಕೇರಳದಿಂದ ನರಸಿಂಹರಾಜಪುರದ ಕಡೆಗೆ ಬಂದ ಕುಟುಂಬಗಳಲ್ಲಿಯೂ ಕೇಕಿನ ಜೊತೆಗೆ ಸಿಹಿ ವೈನು ಕೊಡುವುದುಂಟು.

ಆದರೆ ಆಗುಂಬೆಯ ಮಗ್ಗುಲಿನ ಈ ಮಳೆನಾಡಿನಲ್ಲಿ ದ್ರಾಕ್ಷಿ ಬಾಳದು. ಎಲೆಗೂ ಕಾಯಿಗೂ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಬಯಲುಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತರಿಸಿ, ಸಕ್ಕರೆ ಬೆರೆಸಿ, ಭರಣಿಯಲ್ಲಿ ಹುಳಿಯಿಸುವ ಪದ್ಧತಿ ಬೆಳೆಯಿತು. ನೇರಳೆ, ಶುಂಠಿಗಳಿಂದಲೂ ಪಾನೀಯ ಮಾಡುವವರಿದ್ದಾರೆ. ಅವು ಮನೆಗೆ ಸರಿ, ಪೀಠಕ್ಕೆ ಸಲ್ಲವು. ಬಲಿಪೂಜೆಯ ರಸ ಕೆಡದಿರುವ ಶುದ್ಧ ದ್ರಾಕ್ಷಿಯದೇ ಆಗಿರಬೇಕೆಂದು 1983ರ ಸಭಾಕಾನೂನಿನ 924ನೆಯ ವಿಧಿ ಹೇಳುತ್ತದೆ.

ಊಟಕ್ಕೆ ಯಾವುದನ್ನು ಆರಿಸಬೇಕೆಂದು ಮದುವೆಯ ಮನೆಯವರು ನಮ್ಮನ್ನು ಕೇಳುವುದುಂಟು. ಖಾರವೂ ವಿನೆಗರೂ ಬಿದ್ದ ಹಂದಿಮಾಂಸದ ಮುಂದೆ ಒಗರಾದ ಕೆಂಪು ವೈನು ಕಹಿಯೆನಿಸುತ್ತದೆ. ತುಸು ಸಿಹಿಯಾದದ್ದು ಒಗ್ಗುತ್ತದೆ. ಮೀನಿಗೆ ತಂಪು ಮಾಡಿದ ಬಿಳಿಯದು ಮೇಲು. ದೊಡ್ಡಬಳ್ಳಾಪುರ, ನಂದಿಬೆಟ್ಟದ ಸುತ್ತಿನ ತೋಟಗಳ ವೈನು ಇದೆ. 2007ರ ವೈನು ನೀತಿಯಿಂದ ರಾಜ್ಯ ಸರ್ಕಾರವೂ ಉತ್ತೇಜನವಿತ್ತಿತು. ಪರದೇಶದ ಸೀಸೆಗಾಗಿ ಪರದಾಡಬೇಕಿಲ್ಲ.

ಕಾನಾ ಊರಿನ ಮದುವೆಯನ್ನು ಮುಂದಿಟ್ಟು ಹೆಚ್ಚು ಕುಡಿಸಲು ಅಪ್ಪಣೆ ಕೇಳುವ ಜಾಣರೂ ನಮ್ಮಲ್ಲಿದ್ದಾರೆ. ಸಂತ ಯೊವಾನ್ನರು ಹೇಳುವ ಆರು ಕಲ್ಲುಬಾನೆಗಳಲ್ಲಿ ಒಟ್ಟು ಸುಮಾರು 500ರಿಂದ 700 ಲೀಟರು ಹಿಡಿಯುತ್ತಿತ್ತೆಂಬುದು ನಿಜ. ಆದರೆ ಅಂದಿನ ಯೆಹೂದ್ಯರ ಮದುವೆಯ ಔತಣ ದಿನಗಟ್ಟಲೆ ನಡೆಯುತ್ತಿತ್ತು. ಅಲ್ಲಿ ರಸ ತೀರಿದರೆ ಆ ಮನೆಯ ಮಾನ ಹೋಗುತ್ತಿತ್ತು. ನಮ್ಮಲ್ಲಿ ಮಾನ ಹೋಗುವುದು ಬೇರೆ ದಾರಿಯಲ್ಲಿ. ತೋಟದ ಕೂಲಿಯಿಂದ ಬಾಳುವವರು ಮಗಳ ಮದುವೆಗೆ ಸಾಲ ಮಾಡಿ ವಿಸ್ಕಿಯ ಪೆಟ್ಟಿಗೆಗಳನ್ನು ತರಿಸಿ, ಆ ಸಾಲವನ್ನು ಮೊಮ್ಮಗುವಿನ ಸ್ನಾನದೀಕ್ಷೆಯವರೆಗೂ ತೀರಿಸುತ್ತಿದ್ದುದನ್ನು ನಾವು ಕಂಡಿದ್ದೇವೆ. 750 ಮಿಲಿಲೀಟರಿನ ಒಂದು ಸೀಸೆ, ಹಾರೈಕೆಯ ಸಣ್ಣ ಲೋಟದ ಲೆಕ್ಕದಲ್ಲಿ ಹನ್ನೆರಡು ಮಂದಿಗೆ ಸಾಕು. ಮುನ್ನೂರು ಅತಿಥಿಗಳಿಗೆ 25 ಸೀಸೆ.

ಅಷ್ಟೂ ಬೇಕಾಗದು. ಶಾರದಾ ಪೀಠದ ಈ ಸೀಮೆಯಲ್ಲಿ ನಮ್ಮ ಮದುವೆಗೆ ಬರುವ ನೆರೆಹೊರೆಯವರಲ್ಲಿ ಮದ್ಯಮಾಂಸ ಮುಟ್ಟದವರು ಬಹಳ. ಅವರಿಗೆಂದು ಬೇರೆ ಅಡಿಗೆಯವರನ್ನು ಕರೆಸಿ, ಬೇರೆ ಪಂಕ್ತಿಯಲ್ಲಿ ಬಡಿಸುವ ಮರ್ಯಾದೆಯನ್ನು ಹಳೆಯ ಮನೆಗಳವರು ಬಿಟ್ಟಿಲ್ಲ. ಹಾರೈಕೆಯ ಹೊತ್ತಿನಲ್ಲಿ ಅವರ ಕೈಗೂ ಒಂದು ಲೋಟ ಬರುತ್ತದೆ: ಏಲಕ್ಕಿ ಹಾಕಿದ ಬೆಲ್ಲದ ಪಾನಕ.