ಹತ್ತು ಸಾವಿರದ ಜಾಮೀನು

ದೊಡ್ಡವರಿಗೆ ಯಾರಿಗಾದರೂ ಜಾಮೀನು ಸಿಕ್ಕಿದ ಸುದ್ದಿ ಟಿವಿಯಲ್ಲಿ ಬಂದರೆ ಸಾಕು, "ದುಡ್ಡಿದ್ದವರಿಗೆ ಬಿಡಪ್ಪಾ, ಏನೂ ಆಗಲ್ಲ" ಅನ್ನೋ ಮಾತು ನಮ್ಮ ಆಫೀಸಿನಲ್ಲಿ ಶುರು. ಆದರೆ ದುಡ್ಡಿಲ್ಲದವರ ಕತೆ ಏನು? ನಾನು ಲಾ ಓದಿದವನಲ್ಲ, ಬರೀ ಇಂಜಿನಿಯರು. ಆದರೂ ಹಳೇ ತೀರ್ಪುಗಳನ್ನು ಓದುವ ಹುಚ್ಚಿದೆ. ಅದರಲ್ಲಿ ಸಿಕ್ಕಿದ್ದು ಇದು.

ವಿಚಾರಣೆ ಮುಗಿಯುವ ತನಕ ಆರೋಪಿ ಅಪರಾಧಿಯಲ್ಲ. ಹಾಗಾಗಿ ಕೋರ್ಟು ಮುಖ್ಯವಾಗಿ ನೋಡಬೇಕಾದ್ದು: ಆರೋಪ ಎಷ್ಟು ಗಂಭೀರ? ಬಿಟ್ಟರೆ ಓಡಿಹೋಗುತ್ತಾನಾ? ಸಾಕ್ಷಿಗಳನ್ನು ಹೆದರಿಸುತ್ತಾನಾ? ಜಾಮೀನೇ ನಿಯಮ, ಜೈಲು ಅಪವಾದ ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1977ರಲ್ಲೇ ಹೇಳಿದ್ದರು.

ಸರಿ, ಜಾಮೀನು ಮಂಜೂರಾಯಿತು. ಆಮೇಲೆ? 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಅನ್ನೋ ಗಾರೆ ಕೆಲಸದ ಬಡವರೊಬ್ಬರಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಗೆ ಶ್ಯೂರಿಟಿ ಕೇಳಿದರು. ಅಣ್ಣತಮ್ಮ ಶ್ಯೂರಿಟಿಗೆ ನಿಂತರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ!

ಕೃಷ್ಣ ಅಯ್ಯರ್ ಸಿಟ್ಟಾದರು. ಒಬ್ಬ ಮಲಯಾಳಿಯೋ ಕನ್ನಡಿಗನೋ ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವವರನ್ನು ಎಲ್ಲಿಂದ ತರಬೇಕು ಅಂತ ತೀರ್ಪಿನಲ್ಲೇ ಕೇಳಿದರು. ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆ ಬರೆಸಿಕೊಂಡು ಬಿಡಿ ಅಂದರು. ಊರಲ್ಲಿ ಪಹಣಿ ಹಿಡಿದು ಶ್ಯೂರಿಟಿಗೆ ನಿಲ್ಲುವವರನ್ನು ಕಂಡವರಿಗೆ ಈ ಪ್ರಶ್ನೆಯ ಬಿಸಿ ಗೊತ್ತಾಗುತ್ತದೆ.

ಮರುವರ್ಷ, 1979ರಲ್ಲಿ, ಹುಸೈನಾರಾ ಖಾತೂನ್ ಪ್ರಕರಣ. ಬಿಹಾರದ ಜೈಲುಗಳಲ್ಲಿ ಕೆಲವರು ತಮ್ಮ ಮೇಲಿನ ಆರೋಪಕ್ಕಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ, ವಿಚಾರಣೆಯೇ ಆಗದೆ ಕೊಳೆಯುತ್ತಿದ್ದರು. ನ್ಯಾಯಮೂರ್ತಿ ಭಗವತಿಯವರು ಬೇಗ ವಿಚಾರಣೆ ಆಗುವುದು ಮೂಲಭೂತ ಹಕ್ಕು ಅಂದರು. ಆದರೆ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಒಳಗೇ ಕಳೆದವರನ್ನು ಸಾಮಾನ್ಯವಾಗಿ ಬಿಡಬೇಕು ಅನ್ನೋದು ಕಾನೂನಿನ ಪುಸ್ತಕಕ್ಕೆ ಬಂದದ್ದು 2005ರ ತಿದ್ದುಪಡಿಯಲ್ಲಿ. ಇಪ್ಪತ್ತಾರು ವರ್ಷ! 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆ, ಹಿಂದೆ ಶಿಕ್ಷೆಯಾಗದವರಿಗೆ ಇದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಮರಣದಂಡನೆ, ಜೀವಾವಧಿ ಆಗಬಹುದಾದ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ.

ನನ್ನನ್ನು ಕಾಡಿದ್ದು ಇನ್ನೊಂದು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಸೂಚನೆ ಕೊಟ್ಟಿತು: ಜಾಮೀನು ಆದೇಶವನ್ನು ಅವತ್ತೋ ಮರುದಿನವೋ ಜೈಲಿಗೆ ಇಮೇಲ್ ಮಾಡಿ, ಬಿಡುಗಡೆ ತಡವಾಗುತ್ತಿದ್ದರೆ ಸ್ಥಳೀಯ ಶ್ಯೂರಿಟಿಯೇ ಬೇಕು ಅನ್ನಬೇಡಿ ಅಂತ. ಮೋತಿರಾಮ್ ತೀರ್ಪಿನ ನಲವತ್ತೈದು ವರ್ಷದ ಮೇಲೆ ಅದೇ ಮಾತು! ನಮ್ಮ ಭಾಷೆಯಲ್ಲಿ ಹೇಳುವುದಾದರೆ, 1978ರಲ್ಲೇ ಕ್ಲೋಸ್ ಮಾಡಿದ ಬಗ್ಗು ಇನ್ನೂ ಪ್ರೊಡಕ್ಷನ್‌ನಲ್ಲಿದೆ.

ಜಾಮೀನು ಸಿಕ್ಕಿಯೂ ಹೊರಬರಲಾಗದವರ ಹೆಸರು ಟಿವಿಯಲ್ಲಿ ಬರುವುದಿಲ್ಲ. ಬ್ಲಾಗಿಗರಲ್ಲಿ ವಕೀಲರಿದ್ದರೆ, ನಿಮ್ಮ ಊರಿನ ಕೋರ್ಟಿನಲ್ಲಿ ಹೇಗೆ ನಡೆಯುತ್ತಿದೆ, ಸ್ವಲ್ಪ ಬರೀರಿ.