ಲೆಕ್ಕದ ಹಾಳೆಗೆ ದನಿ ಸೇರಿದ ಬಗೆ

ಸ್ಪ್ರೆಡ್‌ಶೀಟ್ ಹುಟ್ಟಿದ್ದು ಅಂಕಿಗಳಿಗಾಗಿ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆಂದು ರೂಪಿಸಿದ ವಿಸಿಕ್ಯಾಲ್ಕ್‌ನ ಒಂದೊಂದು ಸೆಲ್‌ನಲ್ಲೂ ಅಂಕಿ, ಸೂತ್ರ ಇಲ್ಲವೇ ಒಂದಿಷ್ಟು ಅಕ್ಷರ, ಇಷ್ಟಕ್ಕೇ ಜಾಗ. 1983ರಲ್ಲಿ ಬಂದ ಲೋಟಸ್ 1-2-3 ಅಂಕಿಗಳ ಜೊತೆಗೆ ಗ್ರಾಫ್‌ಗಳನ್ನೂ ತಂದಿತು. ಧ್ವನಿಗೆ ಮಾತ್ರ ಅಲ್ಲಿ ದಾರಿಯಿರಲಿಲ್ಲ. ಆಗಿನ ಪಿಸಿಗಳ ಸ್ಪೀಕರ್ ‘ಬೀಪ್’ ಎನ್ನುವುದಕ್ಕಷ್ಟೇ ಇತ್ತು.

ದಾರಿ ತೆರೆದದ್ದು 1990ರ ಆಸುಪಾಸಿನಲ್ಲಿ. ಆ ವರ್ಷ ಬಂದ ಮ್ಯಾಕಿಂತೋಷ್ ಎಲ್‌ಸಿಯಲ್ಲಿ ಮೈಕ್ ಜೋಡಿಸುವ ಸೌಕರ್ಯವಿತ್ತು. 1991ರಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಸೇರಿ ವೇವ್ ಎಂಬ ಆಡಿಯೊ ಫೈಲ್ ಮಾದರಿಯನ್ನು ಗೊತ್ತುಮಾಡಿದವು. ಮರುವರ್ಷದ ವಿಂಡೋಸ್ 3.1ರಲ್ಲಿ ಸೌಂಡ್ ರೆಕಾರ್ಡರ್ ಜೊತೆಗೇ ಬಂತು. ಅದೇ 1992ರಲ್ಲಿ ಹೊರಬಂದ ಎಕ್ಸೆಲ್ 4.0, ಸೆಲ್‌ಗೆ ಅಂಟಿಸುವ ಟಿಪ್ಪಣಿಯಲ್ಲಿ ಬರಹದ ಜೊತೆ ದನಿಯನ್ನೂ ಇಡಲು ಬಿಟ್ಟಿತು. ಮೈಕ್ ಹಿಡಿದು ಅಲ್ಲೇ ಮಾತಾಡಬಹುದಿತ್ತು, ಬೇರೆ ಫೈಲಿನಿಂದ ತಂದು ಸೇರಿಸಲೂಬಹುದಿತ್ತು. ಅದರ ಮ್ಯಾಕ್ರೊ ಭಾಷೆಯಲ್ಲಿ ಸೌಂಡ್.ನೋಟ್, ಸೌಂಡ್.ಪ್ಲೇ ಎಂಬ ಆದೇಶಗಳೇ ಇದ್ದವು. ಒಂದು ಅಂಕಿ ಯಾಕೆ ಹಾಗಿದೆ ಎಂಬುದನ್ನು ಲೆಕ್ಕ ಬರೆದವರ ಬಾಯಿಂದಲೇ, ಆ ಅಂಕಿಯ ಪಕ್ಕದಲ್ಲೇ ಕೇಳುವಂತಾಗಿದ್ದು ಆಗ. ಇಷ್ಟು ಹತ್ತಿರಕ್ಕೆ ದನಿ ಮತ್ತೆ ಬರಲಿಲ್ಲ. ಎಕ್ಸೆಲ್ 97ರ ಹೊತ್ತಿಗೆ ಈ ಸೌಲಭ್ಯವನ್ನು ತೆಗೆದುಹಾಕಲಾಯಿತು. ಅದರ ಹೆಸರು ಇಂದಿಗೂ ಪ್ರೋಗ್ರಾಮಿಂಗ್ ಕೈಪಿಡಿಯಲ್ಲಿ ‘ಬಳಸಬೇಡಿ’ ಎಂಬ ಸೂಚನೆಯೊಂದಿಗೆ ಉಳಿದಿದೆ.

ಫೈಲಿನ ಗಾತ್ರ ನೋಡಿದರೆ ಆ ಕಾಲದ ಕಷ್ಟ ಅರ್ಥವಾಗುತ್ತದೆ. ಸೆಕೆಂಡಿಗೆ 11,025 ಮಾದರಿಗಳಂತೆ, ಒಂದೊಂದಕ್ಕೆ 8 ಬಿಟ್‌ನಂತೆ, ಮೊನೊ ಆಗಿ ಮುದ್ರಿಸಿದ ಒರಟು ದನಿಯೂ ನಿಮಿಷಕ್ಕೆ ಸುಮಾರು 650 ಕಿಲೋಬೈಟ್ ತಿನ್ನುತ್ತಿತ್ತು. ಫ್ಲಾಪಿಯಲ್ಲಿ ಹಿಡಿಯುತ್ತಿದ್ದುದೇ 1.44 ಮೆಗಾಬೈಟ್. ಸಿಡಿ ಗುಣಮಟ್ಟದ ಸ್ಟೀರಿಯೊ ಆದರೆ ನಿಮಿಷಕ್ಕೆ 10 ಮೆಗಾಬೈಟ್ ದಾಟುತ್ತಿತ್ತು. ಲೆಕ್ಕವೆಲ್ಲ ಸೇರಿದರೂ ಕೆಲವೇ ಕಿಲೋಬೈಟ್ ಇರುವ ಫೈಲಿಗೆ ಇದು ಹೊರಲಾರದ ಭಾರ.

ಉಳಿದುಕೊಂಡದ್ದು ಇನ್ನೊಂದು ವಿಧಾನ. ಆಬ್ಜೆಕ್ಟ್ ಲಿಂಕಿಂಗ್ ಅಂಡ್ ಎಂಬೆಡಿಂಗ್ ಎಂಬ ಈ ವ್ಯವಸ್ಥೆ ವಿಂಡೋಸ್ 3.1ರಲ್ಲೇ ಇತ್ತು. ಇದರಲ್ಲಿ ಯಾವುದೇ ಆಡಿಯೊ ಫೈಲಿನ ಪ್ರತಿಯನ್ನು ಸ್ಪ್ರೆಡ್‌ಶೀಟಿನೊಳಗೆ ಇಡಬಹುದು, ಇಲ್ಲವೇ ಅದಕ್ಕೆ ಕೊಂಡಿ ಮಾತ್ರ ಹಾಕಬಹುದು. ಹಾಳೆಯ ಮೇಲೆ ಒಂದು ಐಕಾನ್ ಮೂಡುತ್ತದೆ, ಎರಡು ಸಲ ಒತ್ತಿದರೆ ದನಿ ಕೇಳುತ್ತದೆ. ಐಕಾನ್ ಆರಿಸಿಕೊಂಡು ಸೂತ್ರದ ಪಟ್ಟಿ ನೋಡಿದರೆ ‘ಎಂಬೆಡ್’ ಎಂಬ ಸೂತ್ರ ಕಾಣುತ್ತದೆ. ಆದರೂ ಅದು ಸೆಲ್‌ನ ಬೆಲೆಯಲ್ಲ. ಐಕಾನ್ ಸೆಲ್‌ಗಳ ಮೇಲೆ ತೇಲುತ್ತಿರುತ್ತದೆ, ಸೂತ್ರಗಳಿಗೆ ಸಿಗುವುದಿಲ್ಲ. ಎಕ್ಸೆಲ್ 2007ರಿಂದ ಫೈಲ್ ಎಂದರೆ ಒಂದು ಜಿಪ್ ಕಟ್ಟು. ಅದನ್ನು ಬಿಚ್ಚಿದರೆ ‘ಎಂಬೆಡಿಂಗ್ಸ್’ ಫೋಲ್ಡರಿನಲ್ಲಿ ಆಡಿಯೊ, ಹಾಳೆಯ ಅಂಕಿಗಳು ಬೇರೆ ಫೋಲ್ಡರಿನಲ್ಲಿ. ಇದೇ ವ್ಯವಸ್ಥೆಯ ಮೂಲಕ ಕೆಡುಕಿನ ಪ್ರೋಗ್ರಾಮುಗಳೂ ನುಸುಳತೊಡಗಿದವು. ಹಾಗಾಗಿ ಅಪಾಯದ ಬಗೆಯ ಫೈಲುಗಳು ಒಳಗಿದ್ದರೆ ಈಗಿನ ಮೈಕ್ರೋಸಾಫ್ಟ್ ಆಫೀಸ್ ಅವುಗಳನ್ನು ತೆರೆಯಗೊಡುವುದಿಲ್ಲ.

ಎಕ್ಸೆಲ್ 97 ದನಿಯ ಟಿಪ್ಪಣಿಯನ್ನು ಕೈಬಿಟ್ಟರೂ ಹೈಪರ್‌ಲಿಂಕ್ ಸೂತ್ರವನ್ನು ಕೊಟ್ಟಿತು. ಫೈಲ್ ಹೊರಗಿರಲಿ, ಸೆಲ್‌ನಲ್ಲಿ ಅದರ ವಿಳಾಸವಿದ್ದರೆ ಸಾಕು ಎಂಬುದೇ ಮುಂದಿನ ರೂಢಿಯಾಯಿತು. ವಿಳಾಸ ಬರೀ ಅಕ್ಷರಗಳಾದ್ದರಿಂದ ಅದನ್ನು ವಿಂಗಡಿಸಬಹುದು, ಹುಡುಕಬಹುದು, ಎಣಿಸಬಹುದು. ಫೋಲ್ಡರ್ ಜಾಗ ಬದಲಿಸಿದರೆ ಕೊಂಡಿ ಕಡಿಯುವುದು ಇದರ ತೊಡಕು. ಎಕ್ಸೆಲ್ 2002 ಎಂಬ ಆವೃತ್ತಿ ಸೆಲ್‌ಗಳನ್ನು ಗಟ್ಟಿಯಾಗಿ ಓದಿ ಹೇಳುವುದನ್ನೂ ಕಲಿತಿತು. ಕಾಗದದ ಲೆಕ್ಕದೊಂದಿಗೆ ತಾಳೆ ನೋಡುವವರಿಗೆ ಅದರಿಂದ ನಿಜವಾದ ಅನುಕೂಲವಾಯಿತು, ಆದರೆ ಅದು ಯಂತ್ರದ ದನಿ. 2006ರಲ್ಲಿ ಶುರುವಾದ ಗೂಗಲ್‌ನ ಸ್ಪ್ರೆಡ್‌ಶೀಟಿನಲ್ಲೂ ಕೊಂಡಿಯೇ ಗತಿ. ಚಿತ್ರವನ್ನು ಸೆಲ್‌ನೊಳಗೇ ಕೂರಿಸುವ ಸೂತ್ರ ಈಗ ಎರಡರಲ್ಲೂ ಇದೆ, ಧ್ವನಿಗೆ ಅಂಥದ್ದು ಇನ್ನೂ ಬಂದಿಲ್ಲ.

ವಿಳಾಸದ ಪದ್ಧತಿ ಬಹಳ ಕೆಲಸಕ್ಕೆ ಬಂದಿರುವುದು ಮಾತಿನ ಸಂಗ್ರಹಗಳಲ್ಲಿ. ಮೊಜಿಲ್ಲಾದ ಕಾಮನ್ ವಾಯ್ಸ್ ತನ್ನ ಧ್ವನಿತುಣುಕುಗಳ ಜೊತೆ ಕೊಡುವ ಪಟ್ಟಿಯಲ್ಲಿ ಒಂದು ಕಾಲಂ ಫೈಲಿನ ಹೆಸರಿಗೆ, ಇನ್ನೊಂದು ಓದಿದ ವಾಕ್ಯಕ್ಕೆ ಮೀಸಲು. ಕನ್ನಡಕ್ಕೂ ಹೀಗೆ ಕಟ್ಟಿದ ಸಂಗ್ರಹವಿದೆ. ಓಪನ್‌ಎಸ್‌ಎಲ್‌ಆರ್ ತಾಣದಲ್ಲಿ 79ನೇ ಸಂಖ್ಯೆಯಡಿ ಗೂಗಲ್ ಮುಕ್ತವಾಗಿ ಬಿಟ್ಟಿರುವ ಕನ್ನಡ ಮಾತಿನ ಭಂಡಾರದಲ್ಲಿ ಹೆಂಗಸರ ದನಿಗೊಂದು, ಗಂಡಸರ ದನಿಗೊಂದು ಪಟ್ಟಿ ಇವೆ. ಪ್ರತಿ ಸಾಲಿನಲ್ಲಿ ಮೊದಲು ಫೈಲಿನ ಗುರುತು, ಆಮೇಲೆ ಅದರಲ್ಲಿ ಓದಿರುವ ಕನ್ನಡ ವಾಕ್ಯ. ಎಕ್ಸೆಲ್‌ನಲ್ಲಿ ಈ ಪಟ್ಟಿ ತೆರೆದರೆ ಎರಡು ಕಾಲಂ ಅಕ್ಷರಗಳು ಮಾತ್ರ ಕಾಣುತ್ತವೆ. ಫೈಲಿನ ಗುರುತಿನ ಮುಂದೆ ಫೋಲ್ಡರಿನ ಹೆಸರನ್ನೂ ಹಿಂದೆ ವೇವ್ ಎಂಬ ಬಾಲವನ್ನೂ ಸೇರಿಸಿ ಹೈಪರ್‌ಲಿಂಕ್ ಸೂತ್ರ ಬರೆದು ಕೆಳಗಿನವರೆಗೆ ಎಳೆದರೆ, ಯಾವ ಸಾಲನ್ನು ಒತ್ತಿದರೂ ಆ ವಾಕ್ಯವನ್ನು ಓದಿದವರ ದನಿಯಲ್ಲೇ ಕೇಳಿ ಬರಹದೊಂದಿಗೆ ತಾಳೆ ನೋಡಬಹುದು.