ಗುರಿಕಾರರ ಸೀಮೆ

ತುಂಗಭದ್ರೆಯ ಬಲದಂಡೆಯ ಹೂವಿನಹಡಗಲಿಯಿಂದ ಹಿಡಿದು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಒಳಗೊಂಡು ಕೂಡ್ಲಿಗಿಯ ಬಂಡೆಗುಡ್ಡಗಳವರೆಗೆ ಹಬ್ಬಿರುವ ನಾಡು, ಇಂದು ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳೆಂದು ಕಾಗದಪತ್ರಗಳಲ್ಲಿ ನಮೂದಾಗಿದ್ದರೂ, ವಿಜಯನಗರದ ಪತನದಿಂದ ಶ್ರೀರಂಗಪಟ್ಟಣದ ಪತನದವರೆಗೆ ಬಹುಮಟ್ಟಿಗೆ ಬೇಡ ನಾಯಕರ ಪಾಳೆಯಪಟ್ಟುಗಳ ಸೀಮೆಯಾಗಿದ್ದಿತು. ಆ ನಾಯಕರ ಚರಿತ್ರೆಯನ್ನು ಕೋಟೆ, ಕದನ, ಕಪ್ಪಕಾಣಿಕೆಗಳ ಚರಿತ್ರೆಯಾಗಿ ಬರೆದವರು ಹಲವರುಂಟು. ನನಗಾದರೋ ಅದು ಮೊದಲಿಗೆ ಒಂದು ಕಸುಬಿನ ಚರಿತ್ರೆಯಾಗಿ ತೋರುತ್ತದೆ. ಕಣ್ಣನ್ನೂ ಕೈಯನ್ನೂ ಒಂದೇ ರೇಖೆಯಲ್ಲಿ ನಿಲ್ಲಿಸಿ ದೂರದ ಗುರಿಯನ್ನು ತಪ್ಪದೆ ಹೊಡೆಯುವ ವಿದ್ಯೆಯೊಂದನ್ನೇ ಬಂಡವಾಳವಾಗಿ ಹೊಂದಿದ್ದ ಜನ, ಆ ವಿದ್ಯೆಗೆ ಕೂಲಿ ದೊರೆಯುವ ಕಾಲ ಬಂದಾಗ ಹೇಗೆ ಮೇಲೇರಿದರು, ಕೂಲಿ ನಿಂತ ಕಾಲಕ್ಕೆ ಏನಾದರು ಎಂಬುದರ ಚರಿತ್ರೆ.

ಈ ವಿದ್ಯೆಯ ಮೊದಲ ಪಾಠಶಾಲೆ ಜೋಳದ ಹೊಲ. ಹಿಂಗಾರಿ ಜೋಳ ಹಾಲುಗಟ್ಟಿ ಸೀತನಿಯ ಹದಕ್ಕೆ ಬರುವ ಹೊತ್ತಿನಲ್ಲಿ ಗಿಳಿ, ಗುಬ್ಬಿ, ಬೆಳವಗಳ ಹಿಂಡು ಮುಂಜಾವಿನಲ್ಲಿಯೇ ಎರಗುವುದರಿಂದ, ಹೊಲದ ನಡುವೆ ನಾಲ್ಕು ಗೂಟಗಳ ಮೇಲೆ ಮಂಚಿಗೆ ಕಟ್ಟಿ ಅದರ ಮೇಲೆ ಮನೆಯ ಹುಡುಗನನ್ನು ನಿಲ್ಲಿಸುವ ವಾಡಿಕೆ ಇಲ್ಲಿ ಅತಿ ಪುರಾತನವಾದದ್ದು. ಅವನ ಕೈಯಲ್ಲಿ ಪುಂಡಿನಾರಿನಿಂದ ಹೊಸೆದ ಕವಣೆ. ಅದರ ಒಂದು ತುದಿಯ ಕುಣಿಕೆ ಬೆರಳಿಗೆ ಸಿಕ್ಕಿಸಿದ್ದು, ಇನ್ನೊಂದು ತುದಿ ಮುಷ್ಟಿಯಲ್ಲಿ, ನಡುವಿನ ಹೆಣಿಗೆಯಲ್ಲಿ ನಿಂಬೆಹಣ್ಣಿನ ಗಾತ್ರದ ಕಲ್ಲು. ತಲೆಯ ಮೇಲೆ ಒಂದೆರಡು ಸುತ್ತು ಬೀಸಿ, ಮುಷ್ಟಿಯ ತುದಿಯನ್ನು ಬಿಡಬೇಕಾದ ಕ್ಷಣದಲ್ಲಿಯೇ ಬಿಟ್ಟರೆ ಚಾಟಿಯಂತಹ ಸದ್ದಿನೊಡನೆ ಕಲ್ಲು ನೆಟ್ಟಗೆ ಹಾರುತ್ತದೆ. ಅರೆಕ್ಷಣ ತಡವಾದರೆ ಬದಿಯ ಹೊಲಕ್ಕೆ ಬೀಳುತ್ತದೆ. ಆ ಕ್ಷಣ ಯಾವುದೆಂಬುದನ್ನು ಯಾವ ಗುರುವೂ ಮಾತಿನಿಂದ ತಿಳಿಸಲಾರನು. ಮಣಿಕಟ್ಟು ತಾನೇ ಕಲಿಯಬೇಕು. ಹೀಗೆ ಬಾಲ್ಯದಿಂದಲೂ ಪಳಗಿದ ಕೈಗೆ ಬಿಲ್ಲು ಬಂದಾಗ ಅದು ಹೊಸತೆನಿಸದಿದ್ದುದು ಸಹಜವೇ ಆಗಿದೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಕೆಗಳಲ್ಲಿ ಜಿಂಕೆಗಳನ್ನು ಬೆನ್ನಟ್ಟಿದ ಬಿಲ್ಲುಗಾರರನ್ನು ಕಾಣುವ ಪ್ರವಾಸಿಗರು, ಅಂತಹ ಕೈಗಳು ಬೆಳೆದುಬಂದ ಹೊಲಗಳು ಅಲ್ಲಿಂದ ಒಂದು ದಿನದ ದಾರಿಯಲ್ಲಿಯೇ ಇದ್ದುವೆಂಬುದನ್ನು ನೆನೆಯಬೇಕು.

ಬೇಡರೆಲ್ಲರೂ ಬೇಟೆಯೊಂದರಿಂದಲೇ ಬದುಕಿದವರೆಂದು ತಿಳಿಯುವುದು ಸರಿಯಲ್ಲ. ಕೂಡ್ಲಿಗಿಯ ಕಡೆಯ ಮ್ಯಾಸಬೇಡರು ಮುಖ್ಯವಾಗಿ ದನಗಾಹಿಗಳು. ದೇವರ ಎತ್ತುಗಳನ್ನು ಭಕ್ತಿಯಿಂದ ಸಾಕುವವರು, ಕೋಳಿಯನ್ನು ಮುಟ್ಟದವರು. ಅವರು ಹಾಡಿ ಕೊಂಡಾಡುವ ಗಾದರಿ ಪಾಲನಾಯಕನು ದನಗಳನ್ನು ಕಾಯುತ್ತ ಹುಲಿಯೊಡನೆ ಹೋರಾಡಿದ ವೀರನು. ಮಂದೆಯನ್ನು ಹುಲಿಯಿಂದಲೂ ಕಳ್ಳರಿಂದಲೂ ಕಾಯುವವನಿಗೆ ಗುರಿ ಎಂಬುದು ವಿನೋದವಲ್ಲ, ಪ್ರಾಣರಕ್ಷೆ. ಮಂದೆಯನ್ನು ಕಾಯಬಲ್ಲವನು ಊರನ್ನೂ ಕಾಯಬಲ್ಲನೆಂಬುದನ್ನು ಗ್ರಾಮಗಳು ಬೇಗನೆ ಕಂಡುಕೊಂಡುವು. ಆದುದರಿಂದಲೇ ತಳವಾರಿಕೆ ಬಹುತೇಕ ಬೇಡರ ಪಾಲಿಗೆ ಬಂದಿತು, ಅದಕ್ಕೆ ಪ್ರತಿಯಾಗಿ ಇನಾಮು ಹೊಲವೂ ಸುಗ್ಗಿಯ ಕಣದಲ್ಲಿ ಇಷ್ಟೆಂದು ಗೊತ್ತಾದ ಧಾನ್ಯವೂ ದೊರೆಯುತ್ತಿದ್ದುವು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಕಟ್ಟುಬಡಿ: ಅಲ್ಪ ಕಂದಾಯಕ್ಕೆ ಭೂಮಿಯನ್ನು ಅನುಭವಿಸುತ್ತ, ನಾಯಕನ ಕಹಳೆ ಕೇಳಿದೊಡನೆ ಆಯುಧಸಹಿತನಾಗಿ ಹೊರಡಬೇಕಾದ ಸೇವೆ. ತಳವಾರನಾಗಿ ಹೆಸರು ಗಳಿಸಿದವನು ಕಟ್ಟುಬಡಿಯಾಗುವುದೂ, ಕಟ್ಟುಬಡಿಗಳ ಗುಂಪನ್ನು ನಡೆಸಬಲ್ಲವನು ನಾಯಕನಾಗುವುದೂ ಅಸಾಧ್ಯವಾಗಿರಲಿಲ್ಲ.

ಅಂತಹ ಏರಿಕೆಯ ಪರಮೋದಾಹರಣೆ ಹರಪನಹಳ್ಳಿ. 1565ರಲ್ಲಿ ವಿಜಯನಗರದ ಸೇನೆ ಮುರಿದುಬಿದ್ದು, ರಾಜಧಾನಿ ಸೂರೆಹೋಗಿ, ದೂರದ ಗ್ರಾಮಗಳಿಗೆ ಒಡೆಯನಾರೆಂಬುದೇ ತಿಳಿಯದಂತಾದ ಆ ಸಂಧಿಕಾಲದಲ್ಲಿ, ದಾದಯ್ಯನೆಂಬ ಬೇಡನು ಈ ಸುತ್ತಿನ ಸೀಮೆಯನ್ನು ವಶಪಡಿಸಿಕೊಂಡು ಪಾಳೆಯಪಟ್ಟನ್ನು ಸ್ಥಾಪಿಸಿದನೆಂದೂ, ಅವನು ಮೂಲತಃ ಊರ ತಳವಾರನೆಂದೂ, ತರುವಾಯ ಚಿತ್ರದುರ್ಗದ ನಾಯಕನ ಮಗಳನ್ನು ವಿವಾಹವಾಗಿ ತನ್ನ ಸ್ಥಾನವನ್ನು ಭದ್ರಪಡಿಸಿಕೊಂಡನೆಂದೂ ಬಳ್ಳಾರಿ ಸೀಮೆಯ ಪರಂಪರೆ ಹೇಳುತ್ತದೆ. ಇರುಳೆಲ್ಲ ದೊಣ್ಣೆ ಹಿಡಿದು ಊರನ್ನು ಸುತ್ತುತ್ತಿದ್ದವನ ಸಂತತಿಯವರು ಮುಂದೆ ಈ ಪ್ರಾಂತದ ಅತ್ಯಂತ ಬಲಾಢ್ಯ ಪಾಳೆಯಗಾರರೆಂದು ಗಣ್ಯರಾದರು. ಕೂಡ್ಲಿಗಿಯ ಕಡೆ ಗುಡೇಕೋಟೆ, ಜರಿಮಲೆಗಳಲ್ಲಿಯೂ ಇಂತಹವೇ ಮನೆತನಗಳು ತಲೆಯೆತ್ತಿದುವು. ಒನಕೆ ಓಬವ್ವ ಗುಡೇಕೋಟೆಯ ಮಗಳೆಂಬ ಪ್ರತೀತಿ ಆ ಊರಿನಲ್ಲಿ ಇಂದಿಗೂ ಬಲವಾಗಿದೆ.

ಬಿಲ್ಲು ಹೋಗಿ ಬತ್ತಿಯ ತುಪಾಕಿ ಬಂದಿತು; ಆದರೆ ಗುರಿಯ ಬೆಲೆ ಇಳಿಯಲಿಲ್ಲ, ಏರಿತೆಂದೇ ಹೇಳಬೇಕು. ಕೊಂಬಿನಿಂದ ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನಿಳಿಸಿ, ಗಜದಿಂದ ಇಡಿದು, ಕಿವಿಯ ಬಳಿಯ ಬಟ್ಟಲಿಗೆ ನಯವಾದ ಮದ್ದನ್ನುದುರಿಸಿ, ಉರಿಯುವ ಬತ್ತಿಯನ್ನು ಊದಿ ಕೆಂಪಾಗಿಸಿ ತಾಗಿಸುವಷ್ಟರಲ್ಲಿ ಶತ್ರುವು ಎಷ್ಟೋ ಮಾರು ಮುಂದೆ ಬಂದಿರುತ್ತಾನೆ; ಮೊದಲ ಗುಂಡು ತಪ್ಪಿದರೆ ಎರಡನೆಯದಕ್ಕೆ ಅವಕಾಶವೇ ಇಲ್ಲ. ಒಂದೇ ಹೊಡೆತದಲ್ಲಿ ಕೆಲಸ ಮುಗಿಸುವವನಿಗೆ ಅಧಿಕ ಸಂಬಳ ಕೊಟ್ಟು ಇಟ್ಟುಕೊಳ್ಳುವ ಪೈಪೋಟಿ ಪಾಳೆಯಗಾರರಲ್ಲಿ ಇದ್ದಿತೆಂದರೆ ಆಶ್ಚರ್ಯವೇನು? ಈ ಪೈಪೋಟಿಯ ಕಹಿಯಾದ ಫಲವೆಂದರೆ ಬಂಧುಗಳೇ ಬಂಧುಗಳ ಮೇಲೆ ಏರಿಹೋದದ್ದು. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ನಡೆದ ಯುದ್ಧದಲ್ಲಿ ಚಿತ್ರದುರ್ಗದ ಹಿರಿಯ ಮದಕರಿನಾಯಕನು ಹರಪನಹಳ್ಳಿಯ ಸೋಮಶೇಖರನಾಯಕನ ಕೈಯಿಂದ ಮಡಿದನು. ದಾದಯ್ಯನಿಗೆ ಹೆಣ್ಣು ಕೊಟ್ಟ ಮನೆತನದ ಅರಸನನ್ನು ದಾದಯ್ಯನ ವಂಶದವನೇ ಕೊಂದನೆಂಬುದನ್ನು ಬರೆಯುವಾಗ ಈ ಸೀಮೆಯನ್ನು ಪ್ರೀತಿಸುವವನ ಲೇಖನಿ ಒಂದು ಕ್ಷಣ ನಿಲ್ಲುತ್ತದೆ.

ಪತನವು ತೀವ್ರವಾಗಿಯೇ ಬಂದಿತು. 1779ರಲ್ಲಿ ಚಿತ್ರದುರ್ಗವನ್ನು ಹಿಡಿದ ಹೈದರಾಲಿಯು ಸುಮಾರು 20,000 ಬೇಡ ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಬಾಲಕರನ್ನು ಚೇಲಾ ಪಡೆಗಳಾಗಿ ಕಟ್ಟಿದನು. ಶತ್ರುವೇ ಈ ಕೈಗಳ ಬೆಲೆಯನ್ನು ಚೆನ್ನಾಗಿ ಅರಿತಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಟಿಪ್ಪುವಿನ ತರುವಾಯ, 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ದತ್ತಮಂಡಲಗಳಿಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಆ ವಿಶಾಲ ಪ್ರಾಂತದಲ್ಲಿ ಸುಮಾರು 80 ಪಾಳೆಯಗಾರರನ್ನೂ ಅವರ ಬೆನ್ನಿಗೆ ಸುಮಾರು 30,000 ಆಯುಧಧಾರಿಗಳನ್ನೂ ಎದುರಿಸಬೇಕಾಯಿತು. ಮನ್ರೋ ರೈತನ ಹಿತವನ್ನು ಮನಃಪೂರ್ವಕವಾಗಿ ಬಯಸಿದವನು. ಅವನ ರೈತವಾರಿ ಪದ್ಧತಿಯ ಗುಣವನ್ನು ಅಲ್ಲಗಳೆಯಲಾಗದು. ಪಾಳೆಯಗಾರರ ಸುಲಿಗೆಯಿಂದ ಬೇಸತ್ತಿದ್ದ ಗ್ರಾಮಗಳೂ ಅನೇಕವಿದ್ದುವು. ಆದರೆ ಅವನ 7 ವರ್ಷದ ಆಡಳಿತ ಮುಗಿಯುವ ಹೊತ್ತಿಗೆ ನಾಯಕರಲ್ಲಿ ಕೆಲವರು ಪಿಂಚಣಿದಾರರಾಗಿ, ಕೆಲವರು ದೇಶಭ್ರಷ್ಟರಾಗಿ, ಅವರನ್ನು ನೆಚ್ಚಿದ್ದ ಸಾವಿರಾರು ಆಳುಗಳು ಕೈಗೆ ಪರಿಚಯವಿಲ್ಲದ ನೇಗಿಲನ್ನು ಹಿಡಿಯಬೇಕಾಯಿತು. ಒಂದು ವಿದ್ಯೆಗೆ ಇದ್ದ ಮಾರುಕಟ್ಟೆಯೇ ಒಂದು ತಲೆಮಾರಿನೊಳಗೆ ಮುಚ್ಚಿಹೋಯಿತು.

ಉಳಿದ ಆಯುಧವೂ ಬಹುಕಾಲ ಉಳಿಯಲಿಲ್ಲ. 1857ರ ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆಯೆದ್ದಾಗ, ಅವರ ಊರನ್ನು ಸುಟ್ಟು, ಜಡಗ, ಬಾಲರೇ ಮೊದಲಾದವರನ್ನು ಅದೇ ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಜನ ಕಟ್ಟಿದ ಲಾವಣಿಯನ್ನು ಶಾಸನತಜ್ಞ ಫ್ಲೀಟನು ಸಂಗ್ರಹಿಸಿ ಅಚ್ಚಿಗೆ ಕೊಟ್ಟನು. ಹಲಗಲಿ ನಮ್ಮ ಈ ಸೀಮೆಯಿಂದ ದೂರವೇ ಸರಿ. ಆದರೆ ಆ ಜನ ಕೇಳಿದ್ದು ಕತ್ತಿ, ಕೋವಿಗಳನ್ನಷ್ಟೇ ಅಲ್ಲ, ತಮ್ಮ ಕಸುಬನ್ನು ಎಂಬುದನ್ನು ಕೂಡ್ಲಿಗಿಯವನು ಹೇಳಿಸಿಕೊಳ್ಳದೆಯೇ ಅರಿಯಬಲ್ಲನು. 1878ರ ಆಯುಧ ಕಾಯಿದೆ ಬಂದಮೇಲೆ ಕೋವಿಯು ಲೈಸೆನ್ಸು ಪಡೆದ ಗೌಡ, ಶಾನುಭೋಗರ ಮನೆಯ ಗೋಡೆಯ ಅಲಂಕಾರವಾಯಿತು.

ಇಲ್ಲಿ ಆಂಗ್ಲ ದೇಶದ ಮಾತನ್ನು ತರದೆ ಇರಲಾರೆ. 1363ರಲ್ಲಿ ಮೂರನೆಯ ಎಡ್ವರ್ಡ್ ದೊರೆಯು ಹಬ್ಬದ ದಿನಗಳಲ್ಲಿ ಪ್ರಜೆಗಳು ಬೇರೆ ಆಟಗಳನ್ನು ಬಿಟ್ಟು ಬಿಲ್ಲುಗಾರಿಕೆಯನ್ನೇ ಅಭ್ಯಸಿಸಬೇಕೆಂದು ಆಜ್ಞೆ ಹೊರಡಿಸಿದನು. ಮುಂದೆ ಯುದ್ಧಕ್ಕೆ ಬಿಲ್ಲು ಬೇಡವಾಯಿತು. ಆದರೂ ಗುರಿಯ ಮೇಲಿನ ಪ್ರೀತಿ ಆ ದೇಶದಲ್ಲಿ ಆಟವಾಗಿ ಉಳಿದು ಬಾಳಿತು. ಪಾನಗೃಹದ ಗೋಡೆಗೆ ತೂಗುಹಾಕಿದ ಹಲಗೆಗೆ 7 ಅಡಿ 9¼ ಅಂಗುಲ ದೂರದಿಂದ ಕಿರುಬಾಣಗಳನ್ನೆಸೆಯುವ ಡಾರ್ಟ್ಸ್ ಆಟವು ಗಣಿಗಾರರ, ಕೂಲಿಕಾರರ ಸಂಜೆಯ ವಿನೋದವಾಗಿದ್ದು, ಕ್ರಮೇಣ ಸಂಸ್ಥೆ, ಪಂದ್ಯಾವಳಿ, ಬಹುಮಾನಗಳನ್ನು ಪಡೆದು, ಬಡವರ ಮಕ್ಕಳಿಗೆ ಏರುವ ಏಣಿಯಾಯಿತು. ಫಿಲ್ ಟೇಲರ್ ಕಾರ್ಖಾನೆಯ ಕೆಲಸದಿಂದ ಬಂದು 16 ಬಾರಿ ವಿಶ್ವವಿಜೇತನಾದನು; 2025ರ ಜನವರಿ 3ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸಿನಲ್ಲಿ 17 ವರ್ಷದ ಲ್ಯೂಕ್ ಲಿಟ್ಲರ್ ಮೈಕೆಲ್ ವಾನ್ ಗೆರ್ವೆನ್‌ನನ್ನು 7-3ರಿಂದ ಸೋಲಿಸಿ ಕಿರೀಟದೊಡನೆ 5 ಲಕ್ಷ ಪೌಂಡುಗಳನ್ನು ಪಡೆದನು. ಆ ಹುಡುಗನ ಮಣಿಕಟ್ಟು ಬಾಣವನ್ನು ಬಿಡುವ ಕ್ಷಣವನ್ನು ಬಲ್ಲದು. ನಮ್ಮ ಮಂಚಿಗೆಯ ಮೇಲಿನ ಹುಡುಗನ ಮಣಿಕಟ್ಟು ಬಲ್ಲದ್ದೂ ಅದನ್ನೇ. ಭೇದವಿರುವುದು ಕೈಗಳಲ್ಲಲ್ಲ, ಅಲ್ಲಿ ಯುದ್ಧವು ಕೈಬಿಟ್ಟ ವಿದ್ಯೆಯನ್ನು ಆಟವು ಎತ್ತಿಕೊಂಡಿತು, ಇಲ್ಲಿ ಅದನ್ನು ಎತ್ತಿಕೊಳ್ಳಲು ದೇವಸ್ಥಾನದ ಹೊರತು ಬೇರಾವ ಆಶ್ರಯವೂ ಇರಲಿಲ್ಲ.

ದೇವಸ್ಥಾನ ಎತ್ತಿಕೊಂಡ ಬಗೆ ಮನನೀಯವಾಗಿದೆ. ಮಾಘಮಾಸದ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಹಡಗಲಿ ತಾಲ್ಲೂಕಿನ ಮೈಲಾರದ ಡೆಂಕನ ಮರಡಿಯಲ್ಲಿ ಲಕ್ಷಾಂತರ ಜನ ನೆರೆದಿರಲಾಗಿ, ಉಪವಾಸವ್ರತದಲ್ಲಿದ್ದ ಗೊರವಯ್ಯನು ನೆಟ್ಟಗೆ ನಿಲ್ಲಿಸಿದ, ಹದಿನೈದು ಅಡಿಗೂ ಎತ್ತರದ ಬಿಲ್ಲನ್ನು ಏರತೊಡಗುತ್ತಾನೆ. ಕೆಳಗೆ ಗೊರವರು ಬಿಲ್ಲನ್ನು ಅಪ್ಪಿ ಹಿಡಿದಿರುತ್ತಾರೆ. ಅವನ ಬರಿಗಾಲು ಜಾರುತ್ತದೆ, ಮತ್ತೆ ಹಿಡಿತಕ್ಕೆ ಬರುತ್ತದೆ. ತುದಿ ಮುಟ್ಟಿ ಆಕಾಶವನ್ನು ದಿಟ್ಟಿಸಿ ‘ಸದ್ದಲೇ’ ಎಂದು ಅವನು ಕೂಗಿದೊಡನೆ ಆ ಜನಸಮುದ್ರ ಸ್ತಬ್ಧವಾಗುತ್ತದೆ. ವರ್ಷದ ಮಳೆಬೆಳೆಯನ್ನೂ ರಾಜ್ಯದ ಗತಿಯನ್ನೂ ಸೂಚಿಸುವುದೆಂದು ನಂಬಲಾದ ಒಂದೇ ವಾಕ್ಯದ ಕಾರಣಿಕವನ್ನು ನುಡಿದು ಅವನು ಹಿಂದಕ್ಕೆ ಬೀಳುತ್ತಾನೆ, ಕೆಳಗಿನವರು ಅವನನ್ನು ಹಿಡಿದುಕೊಳ್ಳುತ್ತಾರೆ. ಬಾಣವಿಲ್ಲದ ಬಿಲ್ಲಿಗೆ ನಾಡು ಕೊಟ್ಟ ಮರ್ಯಾದೆ ಇದು. ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗೋಪುರಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುವ ತೈಲಾಭಿಷೇಕಕ್ಕೆ ಜರಿಮಲೆಯ ಪಾಳೆಯಗಾರರ ಮನೆತನದಿಂದ ಎಣ್ಣೆ ಬರುವ ಸಂಪ್ರದಾಯ ಇನ್ನೂ ನಿಂತಿಲ್ಲ. ಆಳುವ ಅಧಿಕಾರ ಹೋಗಿ ಎರಡು ಶತಮಾನ ಕಳೆದರೂ ಸೇವೆಯ ಅಧಿಕಾರ ಹೋಗಿಲ್ಲ. ಮಧ್ಯ ಕರ್ನಾಟಕದ ಅನೇಕ ಊರುಗಳಲ್ಲಿ ವಿಜಯದಶಮಿಯ ಸಂಜೆ ಬನ್ನಿಯ ಬಳಿ ನಡೆಯುವ ಅಂಬು ಛೇದನವೂ ಈ ಬಳಗಕ್ಕೇ ಸೇರಿದ್ದು.

ಬೇಟೆಯ ಬಾಗಿಲೂ 1972ರ ವನ್ಯಜೀವಿ ಕಾಯಿದೆಯಿಂದ ಮುಚ್ಚಿತು. ಅದಕ್ಕಾಗಿ ದುಃಖಿಸಬೇಕಾಗಿಲ್ಲ: ಗುಡೇಕೋಟೆಯ ಬಂಡೆಗಳಲ್ಲಿ ಕರಡಿಗಳು ನಿರ್ಭಯವಾಗಿ ಮರಿಮಾಡುತ್ತಿರುವುದೂ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯ ಮುಳುಗಿದ ಜಾಲಿಮರಗಳ ಮೇಲೆ ಕೊಕ್ಕರೆಗಳು ಗೂಡುಕಟ್ಟಿ, ಆ ಕೆರೆಗೆ 2024ರಲ್ಲಿ ರಾಮ್ಸಾರ್ ಮನ್ನಣೆ ದೊರೆತಿರುವುದೂ ಸಂತೋಷದ ಸಂಗತಿಗಳೇ. ಆದರೆ ಅದೇ 1972ರಲ್ಲಿ, ಮ್ಯೂನಿಕ್ಕಿನಲ್ಲಿ, ಬಿಲ್ಲುಗಾರಿಕೆಯು ಅರ್ಧ ಶತಮಾನದ ತರುವಾಯ ಒಲಿಂಪಿಕ್ಸಿಗೆ ಹಿಂದಿರುಗಿತೆಂಬುದನ್ನು ಈ ಐದು ತಾಲ್ಲೂಕುಗಳಲ್ಲಿ ಯಾರಾದರೂ ಆಗಲೇ ಗಮನಿಸಿದ್ದರೆ ಎಷ್ಟು ಚೆನ್ನಾಗಿತ್ತು. ಅದಕ್ಕೆ ಬೇಕಾದುದು ಇಂದಿನ ನಿಯಮದಂತೆ 70 ಮೀಟರು ಉದ್ದದ ಬಯಲು, 122 ಸೆಂಟಿಮೀಟರು ಅಗಲದ ಗುರಿ, ಹಿಂದೆ ಮಣ್ಣಿನ ದಿಬ್ಬ, ಒಬ್ಬ ತಾಳ್ಮೆಯುಳ್ಳ ಗುರು. ಬಯಲೂ ದಿಬ್ಬವೂ ಇಲ್ಲಿ ಹೇರಳ; ಗುರುವನ್ನು ಕಳುಹಿಸುವುದು ಸರಕಾರದ ಕೈಯಲ್ಲಿದೆ. ಒಂದೇ ಊರಿಗೆ ಮೊದಲು ಕಳುಹಿಸಲು ಸಾಧ್ಯವಾದರೆ ಅದು ಗುಡೇಕೋಟೆಯ ಶಾಲೆಯಾಗಲಿ. ಅಲ್ಲಿಯ ಹುಡುಗರಂತೆ ಹುಡುಗಿಯರಿಗೂ ಬಿಲ್ಲು ಸಿಗಲಿ.